ಸಹಭಾಗಿತ್ವ: ಭಾಗ ಎಲ್ಲಿ ಸ್ವಾಮಿ?

ಹೋದ ತಿಂಗಳು ಶಿಡ್ಲಘಟ್ಟದ ಹತ್ರ ಒಂದೂರಲ್ಲಿ ಸ್ಕೂಲ್ ಕಾಂಪೌಂಡಿಗೆ ಕಟ್ಟಿದ್ದ ಫ್ಲೆಕ್ಸ್ ನೋಡ್ದೆ. ‘ಗ್ರಾಮಸ್ಥರ ಸಹಭಾಗಿತ್ವದಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರ’. ಇಂಥದ್ದು ಈ ವರ್ಷ ಎಷ್ಟನೇದೋ, ಲೆಕ್ಕ ಬಿಟ್ಟೋಗಿದೆ. ಒಳಗೆ ಹೋದ್ರೆ ಎರಡು ಬಿಪಿ ಮಷೀನು, ಟೇಬಲ್ ತುಂಬ ಕ್ಯಾಲ್ಸಿಯಂ ಮಾತ್ರೆ, ಬೆಂಗಳೂರಿಂದ ವ್ಯಾನಲ್ಲಿ ಬಂದ ಮೂರು ಜನ ಡಾಕ್ಟ್ರು, ಕುರ್ಚಿ ಮುಕ್ಕಾಲು ಖಾಲಿ. ಸಹಭಾಗಿಗಳು ಎಲ್ಲಮ್ಮಾ ಅಂದ್ರೆ ಆಶಾ ಅಕ್ಕ ಹೇಳಿದ್ದು, "ಬೀದಿಗೆ ಬೀದೀನೇ ಹುಳ ನಾಲ್ಕನೇ ಜ್ವರ ಎದ್ದಿದೆ ಅಣ್ಣಾ, ಸೊಪ್ಪು ಹಾಕೋಕೇ ಪುರುಸೊತ್ತಿಲ್ಲ, ಯಾರ್ ಬರ್ತಾರೆ." ಡಾಕ್ಟ್ರೊಬ್ರು ಪಾಪ ಜ್ವರ ಅಂದ ತಕ್ಷಣ ಗಾಬರಿಯಾಗಿ ಎಷ್ಟ್ ಮನೇಲಿ ಅಂತ ಕೇಳ್ಬಿಟ್ರು. ರೇಷ್ಮೆ ಹುಳದ ಜ್ವರ ಸಾರ್ ಅದು, ಹುಳ ಪೊರೆ ಬಿಡೋದಕ್ಕೆ ಜ್ವರ ಅಂತಾರೆ, ನಾಲ್ಕನೇದು ಎದ್ಮೇಲೆ ರಾತ್ರಿ ಹಗಲು ತಿನ್ನುತ್ತೆ, ಆಗ ಮನೆ ಬಿಟ್ಟು ಯಾರೂ ಅಲ್ಲಾಡಲ್ಲ. ಡೇಟ್ ಫಿಕ್ಸ್ ಮಾಡೋವಾಗ ಊರಲ್ಲಿ ಒಬ್ರನ್ನ ಕೇಳಿದ್ರೂ ಗೊತ್ತಾಗ್ತಿತ್ತು.

ಸಹಭಾಗಿತ್ವ ಅನ್ನೋ ಪದದಲ್ಲಿ ತೂಕ ಇರೋದು ‘ಸಹ’ ಮೇಲಲ್ಲ, ‘ಭಾಗ’ದ ಮೇಲೆ. ಸಂಸ್ಕೃತದ ಭಜ್ ಧಾತು, ಹಂಚು ಅಂತ ಅರ್ಥ, ಅದ್ರಿಂದ ಭಾಗ, ಭಾಗ ಇರೋನು ಭಾಗಿ. ಅಣ್ತಮ್ಮಂದ್ರು ಜಮೀನು ಭಾಗ ಮಾಡ್ಕೊಳ್ಳೋವಾಗ ಈ ಪದದ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಒಂದು ಗುಂಟೆ ಆಚೀಚೆ ಆದ್ರೂ ಸರ್ವೇಯರ್ ಬರ್ತಾನೆ. ಶಿಬಿರಕ್ಕೆ ಬಂದಾಗ ಮಾತ್ರ ಅದು ಹೇಗೋ ‘ಭಾಗವಹಿಸೋದು’ ಆಗ್ಬಿಟ್ಟಿದೆ, ಭಾಗವಹಿಸೋದು ಅಂದ್ರೆ ಬಂದು ಕುರ್ಚಿ ಮೇಲೆ ಕೂತು ಸೈನ್ ಹಾಕಿ ಬಾಳೆಹಣ್ಣು ಬಿಸ್ಕತ್ತು ಈಸ್ಕೊಂಡು ಹೋಗೋದು. ತಮಾಷೆ ಏನಂದ್ರೆ ಆ ಪದದಲ್ಲೂ ‘ವಹಿಸು’ ಇದೆ, ಹೊರೋದು ಅಂತ, ಅಲ್ಲೂ ಹೊರೆ ಹಂಚ್ಕೊಳ್ಳೋ ಮಾತೇ ಇರೋದು.

ಕನ್ನಡದ್ದೇ ಬೇಕು ಅಂದ್ರೆ ಪಾಲುದಾರಿಕೆ ಇದೆ. ಪಾಲು ನಮ್ದು, ದಾರ ಪಾರಸಿಯಿಂದ ಬಂದಿದ್ದು, ಜಮೀನ್ದಾರ ಗುತ್ತಿಗೆದಾರ ಅಂತೀವಲ್ಲ ಅದೇ, ಇಕೆ ಮತ್ತೆ ನಮ್ದು. ಪದಾನೇ ಒಂದು ಪಾಲುದಾರಿಕೆ. ನಮ್ ಕಡೆ ಹಸು, ಕುರಿ ಪಾಲಿಗೆ ಬಿಡೋದು ಇದೆಯಲ್ಲ, ನಿನ್ನ ಕರು, ನನ್ನ ಮೇವು, ಮಾರಿದಾಗ ಇಬ್ರಿಗೂ ದುಡ್ಡು, ಸತ್ರೆ ಇಬ್ರಿಗೂ ಲಾಸು, ಯಾವಾಗ ಮಾರಬೇಕು ಅಂತ ಇಬ್ರೂ ಕೂತು ಮಾತಾಡಬೇಕು. ಒಬ್ಬ ಹಸು ತಂದು ಕಟ್ಟಿ ಫೋಟೋ ತಗೊಂಡು ಸಂಜೆಗೆ ವಾಪಸ್ ಹೊಡ್ಕೊಂಡು ಹೋದ್ರೆ ಅದಕ್ಕೆ ಪಾಲು ಅಂತಾರಾ?

ಆರೋಗ್ಯದ ವಿಷಯದಲ್ಲಿ ಇದು ಆಗದ ಮಾತು ಅನ್ನೋರಿಗೆ ದೂರದ ಉದಾಹರಣೆ ಬೇಡ, ಅದೇ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರು ಸಾಕು. 1973ರಲ್ಲಿ, ಆಗಿನ್ನೂ ಅದು ಕೋಲಾರ ಜಿಲ್ಲೆ, ಊರಿನ ಹಾಲಿನ ಸಹಕಾರ ಸಂಘ ಮತ್ತೆ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು ಸೇರಿ ಆರೋಗ್ಯ ಸಹಕಾರ ಅಂತ ಶುರು ಮಾಡಿದ್ರು. ಹಾಲಿನ ದುಡ್ಡಲ್ಲಿ ಲೀಟರಿಗಿಷ್ಟು ಪೈಸೆ ಅಂತ ಹಿಡಿದು ಆರೋಗ್ಯಕ್ಕೆ ಇಟ್ರು. ಪೈಸೆ ಲೆಕ್ಕಾನೇ, ಆದ್ರೆ ಹಸು ಕರೆಯೋನ ಪೈಸೆ, ಡಾಕ್ಟ್ರು ಯಾಕೆ ಬಂದಿಲ್ಲ ಅಂತ ದಬಾಯ್ಸೋ ಹಕ್ಕು ಅದ್ರಿಂದ ಬರುತ್ತೆ. ಇದಕ್ಕೆ ಸಹಭಾಗಿತ್ವ ಅನ್ನಿ, ನನ್ನ ತಕರಾರಿಲ್ಲ.

ಸರ್ಕಾರದ ಕಡೆ ಪಿಪಿಪಿಗೂ ಸಾರ್ವಜನಿಕ ಖಾಸಗಿ ಸಹಭಾಗಿತ್ವ ಅಂತಾರೆ, ಅಲ್ಲಿ ಇಬ್ಬರ ನಡುವೆ ಕಾಗದ ಇರುತ್ತೆ, ಷರತ್ತು ಇರುತ್ತೆ, ಪದದ ಮಟ್ಟಿಗೆ ಸರೀನೇ. ಊರಿನೋರಿಗೆ ನಿಜವಾಗ್ಲೂ ಭಾಗ ಇರೋ ಜಾಗ ಇನ್ನೊಂದಿದೆ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಲೆಕ್ಕದಲ್ಲಿ ಒಂದೂರಿನ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ, ಪಂಚಾಯ್ತಿ ಮೆಂಬರ್ ಅಧ್ಯಕ್ಷರು, ಆಶಾ ಕಾರ್ಯದರ್ಶಿ, ಏನಕ್ಕೆ ಖರ್ಚು ಮಾಡಬೇಕು ಅಂತ ಊರೇ ತೀರ್ಮಾನ ಮಾಡಬೇಕು. ಚಿಕ್ಕ ದುಡ್ಡು, ನಿಜ. ಇದಕ್ಕೆ ಒಂದು ಫ್ಲೆಕ್ಸೂ ಇಲ್ಲ.

ಇನ್ನು ಕಂಪನಿ ದುಡ್ಡು. 2013ರ ಕಂಪನಿ ಕಾಯ್ದೆ ಸೆಕ್ಷನ್ 135ರ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2 ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು, ಆ ದುಡ್ಡು ಹಳ್ಳಿ ಡಾಕ್ಟ್ರಿಗೆ ಬಂದ್ರೆ ಬಹಳ ಒಳ್ಳೇದು, ಬರ್ಲಿ, ಅದಕ್ಕೆ ಅನುದಾನ ಅನ್ನಿ. ಒಂದಿನದ ಕ್ಯಾಂಪಿನ ಖರ್ಚು ಕೊಟ್ರೆ ಪ್ರಾಯೋಜಕತ್ವ. ಮಷೀನ್ ಕೊಟ್ರೆ ದೇಣಿಗೆ. ಇಬ್ರು ಸೇರಿ ಒಂದು ಕೆಲಸ ಮಾಡಿದ್ರೆ ಸಹಯೋಗ, ಅದು ಒಂದೇ ದಿನದ್ದಾದ್ರೂ ನಡೆಯುತ್ತೆ. ಒಂದು ವರ್ಷದ ದುಡ್ಡು ಮುಗಿದ್ಮೇಲೆ ನರ್ಸಮ್ಮನ 13ನೇ ತಿಂಗಳ ಸಂಬಳ ಎಲ್ಲಿಂದ ಅಂತ ಡಾಕ್ಟ್ರು, ಊರು, ದುಡ್ಡು ಕೊಟ್ಟೋರು ಮೂರೂ ಜನ ಒಟ್ಟಿಗೆ ಕೂತು ತಲೆ ಕೆಡಿಸ್ಕೊಂಡ್ರೆ ಆಗ ಬನ್ನಿ ಸಹಭಾಗಿತ್ವಕ್ಕೆ.

ಹೋಗ್ತಾ ಇನ್ನೊಂದು, ‘ಗ್ರಾಮ ದತ್ತು’. ದತ್ತ ಅಂದ್ರೆ ಕೊಡಲ್ಪಟ್ಟಿದ್ದು. ಮಗೂನ ದತ್ತು ಕೊಡೋಕೆ ಅಪ್ಪ ಅಮ್ಮ ಇರ್ತಾರೆ. ಈ ಊರುಗಳನ್ನ ಕೊಟ್ಟೋರ್ಯಾರು?

ಫ್ಲೆಕ್ಸ್ ಅಂಗಡಿಯೋನು ಪರಿಚಯದ ಹುಡುಗ, ವಾಪಸ್ ಬರ್ತಾ ಗಾಡಿ ನಿಲ್ಸಿ ಈ ಸಹಭಾಗಿತ್ವ ಅನ್ನೋ ಪದ ಯಾರು ಹಾಕ್ಸಿದ್ದಪ್ಪ ಅಂತ ಕೇಳಿದೆ. "ಯಾರೂ ಇಲ್ಲ ಸಾರ್, ಡಿಸೈನ್ ಹಳೇದು, ಊರ ಹೆಸರು ಡೇಟು ಮಾತ್ರ ಚೇಂಜ್ ಮಾಡ್ತೀವಿ" ಅಂದ.