ಲೋಹ–ಕಾಂಪೋಸಿಟ್ ಅಂಟುಜೋಡಣೆಯ ಪರೀಕ್ಷೆ: ಅಧ್ಯಯನ ಟಿಪ್ಪಣಿ

ಲೋಹದ ತಗಡನ್ನೂ ಕಾಂಪೋಸಿಟ್ (ನಾರುಗಳನ್ನು ರಾಳದಲ್ಲಿ ಕೂಡಿಸಿ ಮಾಡಿದ) ಫಲಕವನ್ನೂ ಅಂಟಿನಿಂದ ಕೂಡಿಸಿದಾಗ ಹೊರನೋಟಕ್ಕೆ ಕಾಣುವುದು ಮೂರು ವಸ್ತುಗಳು. ಪರೀಕ್ಷಿಸುವವರ ಪಾಲಿಗೆ ಅಲ್ಲಿ ಐದು ವಲಯಗಳಾದರೂ ಇವೆ: ಲೋಹ, ಅದರ ಮೇಲಿನ ಆಕ್ಸೈಡ್ ಮತ್ತು ಪ್ರೈಮರ್ (ಅಂಟಿಗೆ ಮೊದಲು ಬಳಿಯುವ ಲೇಪ) ಪದರ, ಅಂಟು, ಕಾಂಪೋಸಿಟ್‌ನ ಹೊರಮೈಯ ರಾಳ, ಒಳಗಿನ ನಾರಿನ ಪದರಗಳು. ಯಂತ್ರ ಎಳೆಯುವಾಗ ಇವುಗಳಲ್ಲಿ ಯಾವುದು ಮೊದಲು ಸೋಲುತ್ತದೆಯೋ ಅದರ ಮಿತಿಯೇ ಅಂಕಿಯಾಗಿ ದಾಖಲಾಗುತ್ತದೆ. ಆ ಅಂಕಿಯನ್ನು ನೇರವಾಗಿ ಅಂಟಿನ ಬಲವೆಂದು ಓದಲಾಗದು.

ಹೆಚ್ಚು ಬಳಕೆಯಲ್ಲಿರುವುದು ಸಿಂಗಲ್ ಲ್ಯಾಪ್ ಶಿಯರ್ ಪರೀಕ್ಷೆ: ಅಂಚುಗಳು ಒಂದರ ಮೇಲೊಂದು ಬರುವಂತೆ ಅಂಟಿಸಿದ ಎರಡು ತಗಡುಗಳನ್ನು ವಿರುದ್ಧ ದಿಕ್ಕುಗಳಿಗೆ ಎಳೆದು, ಜಾರಿಸುವ ಬಲವನ್ನು (ಶಿಯರ್) ಜೋಡಣೆ ಎಷ್ಟು ತಡೆಯುತ್ತದೆಂದು ನೋಡುವುದು. ಲೋಹಗಳಿಗೆ ಎಎಸ್‌ಟಿಎಂ (ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ) ಡಿ1002, ನಾರು ಬಲಪಡಿಸಿದ ಪ್ಲಾಸ್ಟಿಕ್‌ಗಳಿಗೆ ಡಿ5868 ಎಂಬ ಮಾನದಂಡಗಳಿವೆ. ಡಿ1002ರಲ್ಲಿ ತಗಡಿನ ದಪ್ಪ ಸುಮಾರು 1.6 ಮಿ.ಮೀ., ಅಗಲ 25.4 ಮಿ.ಮೀ., ಒಂದರ ಮೇಲೊಂದು ಬರುವ ಉದ್ದ 12.7 ಮಿ.ಮೀ. ಇಂಥ ಮಾದರಿಯೊಂದು 8,000 ನ್ಯೂಟನ್‌ಗೆ ಮುರಿಯಿತು ಎಂದುಕೊಳ್ಳೋಣ. ಅಂಟಿದ ವಿಸ್ತೀರ್ಣ ಸುಮಾರು 323 ಚದರ ಮಿ.ಮೀ. ಆಗುವುದರಿಂದ ಸರಾಸರಿ ಶಿಯರ್ ಸ್ಟ್ರೆಸ್ (ವಿಸ್ತೀರ್ಣದ ಮೇಲೆ ಹಂಚಿದ ಜಾರಿಸುವ ಬಲ) ಸುಮಾರು 25 ಎಂಪಿಎ (ಮೆಗಾಪಾಸ್ಕಲ್, ಅಂದರೆ ಚದರ ಮಿ.ಮೀ.ಗೆ ಒಂದು ನ್ಯೂಟನ್). ವರದಿಯಲ್ಲಿ ಬರೆಯುವುದು ಇದನ್ನೇ, ಆದರೆ ಜೋಡಣೆಯ ಯಾವ ಬಿಂದುವೂ ಈ ಸರಾಸರಿಯ ಪ್ರಕಾರ ಮುರಿದಿರುವುದಿಲ್ಲ. ತಗಡುಗಳೂ ಹಿಗ್ಗುವುದರಿಂದ ಶಿಯರ್ ಎರಡು ತುದಿಗಳಲ್ಲಿ ಶೇಖರವಾಗುತ್ತದೆಂದು ಫೋಲ್ಕರ್ಸನ್ 1938ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಎರಡು ತಗಡುಗಳ ಎಳೆತ ಒಂದೇ ರೇಖೆಯಲ್ಲಿ ಇಲ್ಲದ್ದರಿಂದ ಜೋಡಣೆ ಬಾಗುತ್ತದೆ ಮತ್ತು ತುದಿಗಳಲ್ಲಿ ಅಂಟನ್ನು ಮೇಲಕ್ಕೆ ಸುಲಿಯುವ ಬಲ ಹುಟ್ಟುತ್ತದೆ ಎಂಬುದನ್ನು ಗೋಲಂಡ್ ಮತ್ತು ರೈಸ್ನರ್ 1944ರಲ್ಲಿ ಸೇರಿಸಿದರು. ಅವರ ಸೂತ್ರದ ಪ್ರಕಾರ, ಮಾದರಿ ಇನ್ನೂ ಬಾಗದ ಆರಂಭಿಕ ಹಂತದಲ್ಲಿ ತಗಡುಗಳು ಒಂದರ ಮೇಲೊಂದು ಬರುವ ಭಾಗದ ಅಂಚಿನಲ್ಲಿ ತಗಡಿನ ಹೊರಮೈಗಿಂತ ಅಂಟಿನ ಕಡೆಯ ಮೈ ಹೆಚ್ಚು ಬಳಲುತ್ತದೆ: ಅಲ್ಲಿನ ಸ್ಟ್ರೆಸ್ ಸರಾಸರಿ ಎಳೆತದ ಸ್ಟ್ರೆಸ್‌ನ ನಾಲ್ಕು ಪಟ್ಟಿನವರೆಗೆ ಹೋಗಬಹುದು, ಬಾಗಿದಂತೆಲ್ಲ ಆ ಪಟ್ಟು ಇಳಿಯುತ್ತದೆ.

ಸುಲಿಯುವ ಬಲವನ್ನು ಅಲ್ಯೂಮಿನಿಯಂ ಅಷ್ಟಾಗಿ ಲೆಕ್ಕಿಸುವುದಿಲ್ಲ. ಮತ್ತೆ ಮೊದಲಿನ ಆಕಾರಕ್ಕೆ ಮರಳುವ ಮಿತಿ ದಾಟಿದರೂ ಅದು ಬಾಗುತ್ತದೆಯೇ ಹೊರತು ಪದರ ಬಿಡುವುದಿಲ್ಲ. ಕಾಂಪೋಸಿಟ್ ಹಾಗಲ್ಲ. ನಾರಿನ ದಿಕ್ಕಿನಲ್ಲಿ ಎಷ್ಟೇ ಗಟ್ಟಿಯಾಗಿದ್ದರೂ, ದಪ್ಪದ ದಿಕ್ಕಿನಲ್ಲಿ ಅದನ್ನು ಹಿಡಿದಿರುವುದು ರಾಳ ಮಾತ್ರ. ಆದ್ದರಿಂದ ಒಳ್ಳೆಯ ಅಂಟು ಬಳಸಿದಷ್ಟೂ ಬಿರುಕು ಅಂಟನ್ನು ಬಿಟ್ಟು ಫಲಕದ ಮೊದಲ ಪದರದೊಳಕ್ಕೆ ಇಳಿಯುವ ಸಂಭವ ಹೆಚ್ಚು.

ಇದೇ ಕಾರಣಕ್ಕೆ ಮುರಿದ ಮೈಯನ್ನು ಓದುವ ಕೆಲಸಕ್ಕೆ ಅಂಕಿಗಿಂತ ಹೆಚ್ಚಿನ ತೂಕ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಎಎಸ್‌ಟಿಎಂ ಡಿ5573 ಇದಕ್ಕೆ ವರ್ಗೀಕರಣ ಒದಗಿಸುತ್ತದೆ. ಎರಡೂ ಮೈಗಳ ಮೇಲೆ ಅಂಟು ಉಳಿದಿದ್ದರೆ ಸೋತಿದ್ದು ಅಂಟಿನ ಒಡಲು. ಕಾಂಪೋಸಿಟ್‌ನಿಂದ ಕಿತ್ತ ನಾರುಗಳು ಲೋಹದ ಕಡೆಯ ಅಂಟಿಗೆ ಹತ್ತಿಕೊಂಡಿದ್ದರೆ ಸೋತಿದ್ದು ಫಲಕ. ಆಗ ಸಿಕ್ಕ ಅಂಕಿ ಅಂಟಿನ ಬಲದ ಕೆಳಮಿತಿ ಮಾತ್ರ. ಒಂದು ಮೈ ಬರಿದಾಗಿ, ಅಂಟೆಲ್ಲ ಇನ್ನೊಂದರ ಮೇಲೆ ಉಳಿದಿದ್ದರೆ ಮೇಲ್ಮೈ ಸಿದ್ಧತೆಯನ್ನೇ ಶಂಕಿಸಬೇಕು, ಅಂಕಿ ಎಷ್ಟೇ ದೊಡ್ಡದಿರಲಿ. ಬರಿಗಣ್ಣಿಗೆ ಬರಿದಾಗಿ ಕಂಡ ಲೋಹದ ಮೇಲೆ ಅಂಟಿನ ತೆಳುಪೊರೆ ಉಳಿದಿರುವುದೂ ಉಂಟು, ಹೀಗಾಗಿ ಸೂಕ್ಷ್ಮದರ್ಶಕದಲ್ಲಿ ನೋಡದೆ ತೀರ್ಪು ಕೊಡುವುದು ಸರಿಯಲ್ಲ.

ಎರಡು ಭಿನ್ನ ವಸ್ತುಗಳ ಜೋಡಣೆಯಲ್ಲಿ ಪರೀಕ್ಷೆಗೆ ಮೊದಲೇ ಒಳಗೆ ಒತ್ತಡ ಕೂಡಿಕೊಂಡಿರುತ್ತದೆ. ಅಲ್ಯೂಮಿನಿಯಂ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ದಶಲಕ್ಷದಲ್ಲಿ ಸುಮಾರು 23 ಭಾಗ ಹಿಗ್ಗುತ್ತದೆ. ಕಾರ್ಬನ್ ಫೈಬರ್ ಫಲಕ ನಾರಿನ ದಿಕ್ಕಿನಲ್ಲಿ ಬಹುತೇಕ ಹಿಗ್ಗುವುದೇ ಇಲ್ಲ. 120 ಡಿಗ್ರಿಯಲ್ಲಿ ಗಟ್ಟಿಯಾದ ಅಂಟು 20 ಡಿಗ್ರಿಗೆ ತಣಿದಾಗ, ಎರಡರ ನಡುವೆ ಮೀಟರಿಗೆ ಸುಮಾರು 2.3 ಮಿ.ಮೀ. ವ್ಯತ್ಯಾಸ ಹುಟ್ಟಲು ಹವಣಿಸುತ್ತದೆ, ಅಂಟು ಅದನ್ನು ತಡೆದು ನಿಲ್ಲಿಸುತ್ತದೆ. ಸಣ್ಣ ಮಾದರಿಯಲ್ಲಿ ಈ ಪರಿಣಾಮ ಸೌಮ್ಯವಾಗಿ ಕಂಡರೂ ಉದ್ದನೆಯ ಜೋಡಣೆಯ ತುದಿಗಳಲ್ಲಿ ಅದು ಗಣನೀಯ. ತಣ್ಣನೆಯ ಸ್ಥಿತಿಯಲ್ಲೂ ಪರೀಕ್ಷಿಸಬೇಕೆನ್ನುವುದು ಈ ಕಾರಣದಿಂದ.

ಬಿರುಕು ಹರಡಲು ಬೇಕಾಗುವ ಶಕ್ತಿಯನ್ನು ಅಳೆಯಲು ಡಬಲ್ ಕ್ಯಾಂಟಿಲಿವರ್ ಬೀಮ್ ಮಾದರಿ ಬಳಸುತ್ತಾರೆ; ಇದರಲ್ಲಿ ಅಂಟಿಸಿದ ಎರಡು ಪಟ್ಟಿಗಳನ್ನು (ತೋಳುಗಳನ್ನು) ಒಂದು ತುದಿಯಿಂದ ಎಳೆದು ಬೇರ್ಪಡಿಸುತ್ತಾರೆ. ತೋಳುಗಳು ಬೇರೆ ಬೇರೆ ವಸ್ತುವಿನವಾದರೆ ತೆರೆಯುವ ಕ್ರಿಯೆಯೊಂದಿಗೆ ಜಾರುವ ಕ್ರಿಯೆಯೂ ಬೆರೆಯುತ್ತದೆ. ಅದನ್ನು ತಗ್ಗಿಸಲು ತೋಳುಗಳ ದಪ್ಪವನ್ನು ಹೊಂದಿಸಬೇಕಾಗುತ್ತದೆ.

ಬಾಳಿಕೆಯ ವಿಷಯಕ್ಕೆ ಬಂದರೆ, ಇವೆಲ್ಲಕ್ಕಿಂತ ಸರಳವಾದ ಬೆಣೆ ಪರೀಕ್ಷೆಯೇ ಹೆಚ್ಚು ಹೇಳುತ್ತದೆ. ಅಲ್ಯೂಮಿನಿಯಂ ಜೋಡಣೆಗಳಿಗಾಗಿ ರೂಪುಗೊಂಡ ಇದರಲ್ಲಿ ಮಾದರಿಯ ತುದಿಗೆ ಬೆಣೆ ಹೊಡೆದು, ಬಿರುಕಿನ ತುದಿಯನ್ನು ಗುರುತಿಸಿ, ಬಿಸಿಯಾದ ತೇವದ ಕೋಣೆಯಲ್ಲಿಟ್ಟು ಬಿರುಕು ಎಷ್ಟು ಮುಂದುವರಿಯಿತೆಂದು ನೋಡುತ್ತಾರೆ. ತುದಿಯಲ್ಲಿ ಲಭ್ಯವಿರುವ ಶಕ್ತಿ ಬಿರುಕಿನ ಉದ್ದದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುವುದರಿಂದ, ಉದ್ದ ಶೇ. 10ರಷ್ಟು ಬೆಳೆದರೆ ಶಕ್ತಿ ಸುಮಾರು ಮೂರನೆಯ ಒಂದು ಭಾಗ ಇಳಿಯುತ್ತದೆ. ಹಾಗಾಗಿ ಕೆಲವೇ ಮಿಲಿಮೀಟರ್ ಬೆಳವಣಿಗೆಯನ್ನೂ ಹಗುರವಾಗಿ ಕಾಣುವಂತಿಲ್ಲ. ಒಣಗಿದಾಗ ಲ್ಯಾಪ್ ಶಿಯರ್‌ನಲ್ಲಿ ಸಮನಾಗಿ ನಿಂತ ಎರಡು ಮೇಲ್ಮೈ ಸಿದ್ಧತೆಗಳು, ಉದಾಹರಣೆಗೆ ಬರೀ ಉಜ್ಜಿ ಒರೆಸಿದ್ದು ಮತ್ತು ಫಾಸ್ಫಾರಿಕ್ ಆಮ್ಲದಲ್ಲಿ ಆನೊಡೈಸ್ ಮಾಡಿದ್ದು (ವಿದ್ಯುತ್ ಹರಿಸಿ ಆಕ್ಸೈಡ್ ಪದರ ಬೆಳೆಸಿದ್ದು), ಇಲ್ಲಿ ಬೇರೆಯಾಗಿಬಿಡುತ್ತವೆ. ಕಾಂಪೋಸಿಟ್ ತೋಳಿದ್ದಾಗ ಬಾಗುವಿಕೆ ಬೇರೆಯಾಗುವುದರಿಂದ ಒಂದೇ ಬಗೆಯ ತೋಳುಗಳ ಮಾದರಿಗಳನ್ನಷ್ಟೇ ಪರಸ್ಪರ ಹೋಲಿಸಬೇಕು. ಕಾರ್ಬನ್ ನಾರು ಅಲ್ಯೂಮಿನಿಯಂಗೆ ತಾಗಿ ತೇವವೂ ಸೇರಿದರೆ ಲೋಹ ಸವೆಯುತ್ತದೆ. ಅದಕ್ಕಾಗಿ ನಡುವೆ ಗಾಜಿನ ನಾರಿನ ಪದರವಿದ್ದರೆ, ಅದನ್ನು ಮಾದರಿಯಲ್ಲೂ ಇಡಬೇಕು.

ಮುರಿಯದೆ ಪರೀಕ್ಷಿಸುವ ಅಲ್ಟ್ರಾಸೌಂಡ್ ವಿಧಾನ ಗಾಳಿಗುಳ್ಳೆಯನ್ನೂ ಬಿಟ್ಟ ಜಾಗವನ್ನೂ ತೋರಿಸುತ್ತದೆ. ಮೈಗೆ ಮೈ ತಾಗಿದ್ದೂ ಹಿಡಿತವಿಲ್ಲದ ಜಾಗವನ್ನು ಮಾತ್ರ ಅದು ನಂಬಲರ್ಹವಾಗಿ ಹಿಡಿಯಲಾರದು, ಏಕೆಂದರೆ ಧ್ವನಿ ಅದರ ಮೂಲಕ ದಾಟಿಬಿಡುತ್ತದೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2009ರಲ್ಲಿ ಹೊರಡಿಸಿದ ಎಸಿ 20-107ಬಿ ಸಲಹಾ ಪತ್ರ, ವೈಫಲ್ಯ ಅಪಾಯಕಾರಿಯಾಗುವ ಅಂಟುಜೋಡಣೆಗೆ ಮೂರು ದಾರಿಗಳನ್ನು ಹೇಳುತ್ತದೆ: ಬಿಡುವಿಕೆ ಒಂದು ಮಿತಿ ದಾಟದಂತೆ ವಿನ್ಯಾಸದಲ್ಲೇ ತಡೆಯುವುದು, ಪ್ರತಿಯೊಂದು ಭಾಗವನ್ನೂ ಹೊರೆಯೇರಿಸಿ ಪರೀಕ್ಷಿಸುವುದು, ಇಲ್ಲವೇ ಪ್ರತಿ ಜೋಡಣೆಯ ಬಲವನ್ನು ಖಚಿತಪಡಿಸುವ ಮುರಿಯದ ತಪಾಸಣೆ ನಡೆಸುವುದು. ಮೂರನೆಯದಕ್ಕೆ ತಕ್ಕ ಸಾಧನ ಸಿಗದ ಕಡೆ ವಿನ್ಯಾಸಕಾರರು ಅಂಟಿನ ಜೊತೆ ರಿವೆಟ್ ಇಲ್ಲವೇ ಬೋಲ್ಟ್ ಸೇರಿಸಿ, ಅದಕ್ಕಾಗಿ ಕೊರೆದ ರಂಧ್ರಗಳಲ್ಲಿ ಕಡಿದುಹೋದ ನಾರುಗಳ ನಷ್ಟವನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತಾರೆ.