ಸೊನ್ನೆ ರೇಖಾಂಶ ಗ್ರೀನ್‌ವಿಚ್‌ನಲ್ಲೇ ಯಾಕೆ?

ಪ್ರಶ್ನೆ: ಅಕ್ಷಾಂಶದ ಸೊನ್ನೆ ಭೂಮಧ್ಯರೇಖೆ, ಅದೇನೋ ಸರಿ. ಆದರೆ ರೇಖಾಂಶದ ಸೊನ್ನೆ ಲಂಡನ್ನಿನ ಗ್ರೀನ್‌ವಿಚ್ ಮೇಲೇ ಯಾಕೆ ಹಾದುಹೋಗುತ್ತದೆ? ಆ ಜಾಗದಲ್ಲಿ ಏನಾದರೂ ವಿಶೇಷ ಇದೆಯೇ?

ಉತ್ತರ: ಆ ನೆಲದಲ್ಲಿ ವಿಶೇಷ ಏನೂ ಇಲ್ಲ. ದೇಶದೇಶಗಳವರು ಕೂತು ಮಾತಾಡಿ ಒಪ್ಪಿಕೊಂಡ ಗೆರೆ ಅದು.

ಅಕ್ಷಾಂಶಕ್ಕೆ ಈ ತಕರಾರಿಲ್ಲ. ಭೂಮಿ ತಿರುಗುವುದರಿಂದ ಎರಡು ಧ್ರುವಗಳು ತಾವಾಗೇ ಸಿಗುತ್ತವೆ. ಎರಡಕ್ಕೂ ಸಮದೂರದಲ್ಲಿ ಸುತ್ತು ಗೆರೆ ಎಳೆದರೆ ಅದೇ ಭೂಮಧ್ಯರೇಖೆ. ಯಾರು ಎಳೆದರೂ ಅಲ್ಲೇ ಬರುತ್ತದೆ. ಉತ್ತರಾರ್ಧದಲ್ಲಿ ಅಳೆಯುವುದೂ ಸುಲಭ. ಧ್ರುವ ನಕ್ಷತ್ರ ದಿಗಂತದಿಂದ 40 ಡಿಗ್ರಿ ಮೇಲೆ ಕಂಡರೆ ನೀವಿರುವುದು ಹೆಚ್ಚುಕಮ್ಮಿ 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ.

ರೇಖಾಂಶದ ಗೆರೆಗಳು ಹಾಗಲ್ಲ. ಎಲ್ಲವೂ ಧ್ರುವದಿಂದ ಧ್ರುವಕ್ಕೆ ಹೋಗುತ್ತವೆ, ಎಲ್ಲದರ ಉದ್ದವೂ ಒಂದೇ. ಯಾವುದನ್ನು ಮೊದಲನೆಯದು ಅನ್ನೋದು? ಹಾಗಾಗಿ ಅವರವರ ಸೊನ್ನೆ ಅವರವರಿಗೆ ಅಂತಾಯಿತು. ಭಾರತದ ಹಳೆಯ ಖಗೋಳ ಗ್ರಂಥಗಳಿಗೆ ಉಜ್ಜಯಿನಿ, ಫ್ರೆಂಚರಿಗೆ ಪ್ಯಾರಿಸ್. ಗ್ರೀನ್‌ವಿಚ್ ಗೆರೆಯ ಮೇಲೇ ನಿಂತ ಹಡಗು ಪ್ಯಾರಿಸ್ ನಕ್ಷೆಯಲ್ಲಿ 2 ಡಿಗ್ರಿ 20 ನಿಮಿಷ (ಇಲ್ಲಿ ನಿಮಿಷ ಅಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು) ಪಶ್ಚಿಮದಲ್ಲಿರುತ್ತಿತ್ತು!

ಮತ್ತೆ ಗ್ರೀನ್‌ವಿಚ್ ಗೆದ್ದದ್ದು ಹೇಗೆ? ಸಮುದ್ರದಲ್ಲಿ ರೇಖಾಂಶ ಅಂದರೆ ಸಮಯದ ಲೆಕ್ಕ. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ, ಅಂದರೆ ಗಂಟೆಗೆ 15. ಹಡಗಿನಲ್ಲಿ ಸೂರ್ಯ ನೆತ್ತಿಗೇರಿದ ಹೊತ್ತಿಗೆ ಗ್ರೀನ್‌ವಿಚ್ ಸಮಯದ ಗಡಿಯಾರ ಮಧ್ಯಾಹ್ನ ಮೂರು ತೋರಿಸಿದರೆ, ಹಡಗು ಸುಮಾರು 45 ಡಿಗ್ರಿ ಪಶ್ಚಿಮದಲ್ಲಿದೆ. ಗಡಿಯಾರ ಒಂದೇ ಒಂದು ನಿಮಿಷ ತಪ್ಪಿದರೂ ಭೂಮಧ್ಯರೇಖೆಯ ಹತ್ತಿರ ಸುಮಾರು 28 ಕಿಲೋಮೀಟರ್ ಎಡವಟ್ಟು. 18ನೇ ಶತಮಾನದಲ್ಲಿ ಜಾನ್ ಹ್ಯಾರಿಸನ್ ಹಡಗಿನ ಕುಲುಕಾಟಕ್ಕೂ ಜಗ್ಗದ ಗಡಿಯಾರ ಮಾಡಲು ಬದುಕನ್ನೇ ಸವೆಸಿದ್ದು ಸುಮ್ನೆ ಅಲ್ಲ. 1767ರಿಂದ ಗ್ರೀನ್‌ವಿಚ್ ಲೆಕ್ಕದ ನಾವಿಕ ಪಂಚಾಂಗವೂ ವರ್ಷವರ್ಷ ಅಚ್ಚಾಗತೊಡಗಿತು. ಬೇರೆ ದೇಶದ ನಾವಿಕರೂ ಅದನ್ನೇ ಬಳಸಿದರು.

1884ರಲ್ಲಿ ವಾಷಿಂಗ್ಟನ್‌ನಲ್ಲಿ 25 ದೇಶಗಳು ಸಭೆ ಸೇರುವ ಹೊತ್ತಿಗೆ ಜಗತ್ತಿನ ಬಹುಪಾಲು ಹಡಗು ಸಾಗಾಟ ಗ್ರೀನ್‌ವಿಚ್ ನಕ್ಷೆಗಳನ್ನೇ ನಂಬಿ ನಡೆಯುತ್ತಿತ್ತು. 22 ದೇಶಗಳು ಹ್ಞೂಂ ಅಂದವು. ಫ್ರಾನ್ಸ್ ಮತ ಹಾಕಲೇ ಇಲ್ಲ. ತನ್ನ ಗಡಿಯಾರಗಳನ್ನು ಗ್ರೀನ್‌ವಿಚ್‌ಗೆ ಹೊಂದಿಸಿಕೊಂಡದ್ದು 1911ರಲ್ಲಿ. ನನಗೆ ಕೇಳಿದರೆ ಗೆದ್ದದ್ದು ಜಾಗ ಅಲ್ಲ, ಅಭ್ಯಾಸ.

ಇನ್ನೊಂದು ತಮಾಷೆ ಇದೆ. ಗ್ರೀನ್‌ವಿಚ್ ವೀಕ್ಷಣಾಲಯದ ಅಂಗಳದಲ್ಲಿ ಗುರುತು ಹಾಕಿರುವ ಗೆರೆಯ ಮೇಲೆ ಮೊಬೈಲ್ ಹಿಡಿದು ನಿಂತರೆ ಜಿಪಿಎಸ್ ಸೊನ್ನೆ ತೋರಿಸುವುದಿಲ್ಲ. ಅದರ ಸೊನ್ನೆ ಸಿಗಲು ಪೂರ್ವಕ್ಕೆ ಸುಮಾರು 102 ಮೀಟರ್ ನಡೆಯಬೇಕು. ಅಂಗಳದ ಗೆರೆ ನಿಂತಿರುವುದು ವೀಕ್ಷಣಾಲಯದ ಹಳೆಯ ದೂರದರ್ಶಕದ ಲೆಕ್ಕದ ಮೇಲೆ. ಆ ದೂರದರ್ಶಕವನ್ನು ನೆಟ್ಟಗೆ ನಿಲ್ಲಿಸಿದ್ದು ಅಲ್ಲಿನ ಗುರುತ್ವದ ದಿಕ್ಕು ನೋಡಿ. ಆ ದಿಕ್ಕು ಅಲ್ಲಿ ಒಂಚೂರು ವಾಲಿದೆ. ಜಿಪಿಎಸ್ ಅಳೆಯುವುದು ಭೂಮಿಯ ಕೇಂದ್ರದಿಂದ, ಹಾಗಾಗಿ ಆ ವಾಲಿಕೆ ಅದರ ಲೆಕ್ಕಕ್ಕೆ ಬರುವುದಿಲ್ಲ.