ಸಣ್ಣ ಹಡಗಿನಲ್ಲಿ ಹೋದರೆ ಹೊಟ್ಟೆ ತೊಳಸುತ್ತಾ?

ಪ್ರಶ್ನೆ: ಸಣ್ಣ ಐಷಾರಾಮಿ ಹಡಗಿನಲ್ಲಿ ಉಷ್ಣವಲಯದ ದ್ವೀಪಗಳನ್ನು ಸುತ್ತಬೇಕು ಅಂತ ತುಂಬಾ ದಿನದ ಆಸೆ. ಆದರೆ ಕಾರಿನ ಹಿಂದಿನ ಸೀಟಿನಲ್ಲಿ ಕೂತರೂ ನನಗೆ ವಾಂತಿ ಬಂದಂತಾಗುತ್ತದೆ. ಸಣ್ಣ ಹಡಗು ದೊಡ್ಡದಕ್ಕಿಂತ ಜಾಸ್ತಿ ಅಲುಗಾಡುತ್ತದಂತೆ, ನಿಜವಾ? ನನ್ನಂಥವರು ಹೋಗಬಹುದಾ?

ಉತ್ತರ: ಹೋಗಬಹುದು. ನೀವು ಕೇಳಿದ್ದೂ ನಿಜವೇ. ಒಂದೇ ಅಲೆಗೆ ಎರಡನ್ನೂ ಒಡ್ಡಿದರೆ ಸಣ್ಣ ಹಡಗೇ ಜಾಸ್ತಿ ಅಲುಗಾಡುತ್ತದೆ. ಆದರೆ ನಿಮಗೆ ಎಷ್ಟು ಕಷ್ಟವಾಗುತ್ತದೆ ಅನ್ನುವುದು ಹಡಗಿನ ಅಳತೆಗಿಂತ ಜಾಸ್ತಿ ಯಾವ ದಾರಿ, ಯಾವ ತಿಂಗಳು ಅನ್ನುವುದರ ಮೇಲೆ ನಿಂತಿದೆ. ಊಟದ ಪಟ್ಟಿ, ಈಜುಕೊಳದ ಫೋಟೋ ನೋಡುವ ಮೊದಲು ಈ ಎರಡನ್ನು ನೋಡಿ.

ಮೊದಲು ಅಲುಗಾಟದ ವಿಷಯ. ಆಳ ಸಮುದ್ರದಲ್ಲಿ 8 ಸೆಕೆಂಡಿಗೊಮ್ಮೆ ಬರುವ ಅಲೆಯ ಉದ್ದ ಸುಮಾರು 100 ಮೀಟರ್. 300 ಮೀಟರ್ ಉದ್ದದ ಹಡಗು ಅಂಥ ಮೂರು ಅಲೆಗಳ ಮೇಲೆ ಒಟ್ಟಿಗೆ ಕೂರುತ್ತದೆ, ಹಾಗಾಗಿ ಅವು ಅದನ್ನು ಅಷ್ಟಾಗಿ ಎತ್ತಿ ಹಾಕುವುದಿಲ್ಲ. 90 ಮೀಟರ್ ಹಡಗಾದರೆ ಒಂದೊಂದೇ ಅಲೆಯನ್ನು ಹತ್ತಿ ಇಳಿಯಬೇಕು. ಒಳಕಿವಿ ‘ಮೇಲೆ ಕೆಳಗೆ ಹೋಗ್ತಿದ್ದೇವೆ’ ಅನ್ನುತ್ತದೆ. ಕ್ಯಾಬಿನ್ ಗೋಡೆ ನೋಡುತ್ತಿರುವ ಕಣ್ಣು ‘ಇಲ್ಲ, ಎಲ್ಲ ನಿಂತಲ್ಲೇ ಇದೆ’ ಅನ್ನುತ್ತದೆ. ಮಿದುಳಿಗೆ ಇದು ಹೊಂದುವುದಿಲ್ಲ, ಹೊಟ್ಟೆ ತೊಳಸುತ್ತದೆ. ಸುಮಾರು 5 ಸೆಕೆಂಡಿಗೊಮ್ಮೆ ಏರಿಳಿಯುವ ನಿಧಾನ ಚಲನೆಯೇ ಜನರನ್ನು ಹೆಚ್ಚು ಕಾಡುವುದು. ಸಮುದ್ರದಲ್ಲಿ ಸಿಗುವುದೂ ಹೆಚ್ಚುಕಡಿಮೆ ಅದೇ.

ಇನ್ನು ದಾರಿ. ದ್ವೀಪಗಳ ನಡುವೆ ಓಡಾಡುವ ಸಣ್ಣ ಹಡಗು ಸಾಮಾನ್ಯವಾಗಿ ರಾತ್ರಿ ಚಲಿಸಿ, ಹಗಲು ಯಾವುದೋ ದ್ವೀಪದ ಮರೆಯಲ್ಲಿ ಲಂಗರು ಹಾಕುತ್ತದೆ. ಅಂದರೆ ಅಲುಗಾಟದ ದೊಡ್ಡ ಪಾಲು ನೀವು ಮಲಗಿದ್ದಾಗಲೇ ಕಳೆದುಹೋಗುತ್ತದೆ. ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾ ಒಂದನ್ನೇ ನೋಡಿ. ಅಲ್ಲಿ ರಾಯಾಟಿಯ ಮತ್ತು ತಾಹಾ ದ್ವೀಪಗಳಿಗೆ ಒಂದೇ ಲಗೂನ್, ಅಂದರೆ ಸುತ್ತ ಹವಳದ ದಿಬ್ಬ ಇರುವ ಆಳವಿಲ್ಲದ ನೀರು. ಹೊರಗಿನ ಅಲೆ ಆ ದಿಬ್ಬಕ್ಕೆ ಬಡಿದು ಅಲ್ಲೇ ಮುರಿಯುತ್ತದೆ, ಒಳಗೆ ನೀರು ಶಾಂತ. ಬೋರಾ ಬೋರಾದಲ್ಲೂ ಹಾಗೆಯೇ. ಫ್ರೆಂಚ್ ಪಾಲಿನೇಷ್ಯಾದ್ದೇ ಆದ ಮಾರ್ಕೇಸಸ್ ದ್ವೀಪಗಳು ಅಲ್ಲಿನ ಮುಖ್ಯ ದ್ವೀಪ ತಹೀತಿಯಿಂದ ಸುಮಾರು 1,400 ಕಿಲೋಮೀಟರ್ ದೂರ. ಅಲ್ಲಿಗೆ ತೆರೆದ ಸಮುದ್ರವನ್ನೇ ದಾಟಬೇಕು. ಅಲ್ಲಿ ದ್ವೀಪದ ಸುತ್ತ ಹವಳದ ಗೋಡೆಯೂ ಇಲ್ಲ, ಲಂಗರು ಹಾಕಿ ನಿಂತಾಗಲೂ ತೂಗಾಟ ತಪ್ಪುವುದಿಲ್ಲ. ಮಾರ್ಕೇಸಸ್‌ನ ಕಡಿದಾದ ಬೆಟ್ಟಗಳು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೂ ಮೊದಲ ಪ್ರವಾಸಕ್ಕೆ ನಿಮಗೆ ಅದು ಬೇಡ.

ಸೇಶೆಲ್ಸ್‌ನಲ್ಲೂ ಇದೇ ಕಥೆ. ಅಲ್ಲಿನ ಮಾಹೆ, ಪ್ರಾಲಿನ್, ಲಾ ಡೀಗ್ ದ್ವೀಪಗಳು ಒಂದಕ್ಕೊಂದು ಹತ್ತಿರ. ದೈತ್ಯ ಆಮೆಗಳ ಅಲ್ಡಾಬ್ರಾ ದ್ವೀಪಕ್ಕೆ ಮಾಹೆಯಿಂದ 1,000 ಕಿಲೋಮೀಟರಿಗೂ ಜಾಸ್ತಿ. ಆದ್ದರಿಂದ ಹಡಗಿನ ಕಂಪನಿಗೆ ಹೀಗೆ ಕೇಳಿ: ಎಷ್ಟು ರಾತ್ರಿ ತೆರೆದ ಸಮುದ್ರದಲ್ಲಿ ಹೋಗುತ್ತೀರಿ, ಒಂದೊಂದು ಸಲ ಎಷ್ಟು ಗಂಟೆ? ಸರಿಯಾಗಿ ಉತ್ತರ ಕೊಡದವರನ್ನು ಬಿಟ್ಟುಬಿಡಿ.

ಕೆಲವು ಕಡೆ ಹಡಗಿನಲ್ಲೇ ಸುತ್ತಬೇಕು ಅಂದರೆ ಸಣ್ಣ ಹಡಗು ಬಿಟ್ಟರೆ ಬೇರೆ ದಾರಿಯೇ ಇಲ್ಲ. ಗಲಾಪಗೋಸ್‌ನಲ್ಲಿ ಒಂದು ಹಡಗಿಗೆ 100 ಪ್ರಯಾಣಿಕರೇ ಗರಿಷ್ಠ. ಹಾಗಿದ್ದಾಗ ತಿಂಗಳು ನೋಡಿ ಹೋಗಬೇಕು. ಅಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಸಮುದ್ರ ಹೆಚ್ಚು ಶಾಂತ. ಆಮೇಲೆ ಆಗ್ನೇಯ ಗಾಳಿ ಬಲವಾಗುತ್ತದೆ, ನೀರೂ ತಣ್ಣಗಾಗುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್ ನಿಮ್ಮಂಥವರಿಗೆ ಕಷ್ಟದ ಕಾಲ. ಸೇಶೆಲ್ಸ್‌ನಲ್ಲಿ ಎರಡು ಮಾರುತಗಳ ನಡುವಿನ ಏಪ್ರಿಲ್ ಮತ್ತು ಅಕ್ಟೋಬರ್ ಹೊತ್ತು ಒಳ್ಳೆಯದು. ಕೆರಿಬಿಯನ್‌ನಲ್ಲಿ ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ ಅಂತ ಎಲ್ಲರಿಗೂ ಗೊತ್ತು. ಆದರೆ ಎಲ್ಲರೂ ಮುಗಿಬೀಳುವ ಡಿಸೆಂಬರ್, ಜನವರಿಯಲ್ಲೂ ವಾಣಿಜ್ಯ ಮಾರುತ ಜೋರಾಗಿ ಬೀಸುವುದುಂಟು. ಬಿಸಿಲು ಚೆನ್ನಾಗಿದೆ ಅಂದ ಮಾತ್ರಕ್ಕೆ ಸಮುದ್ರ ಶಾಂತವಾಗಿರಬೇಕು ಅಂತೇನಿಲ್ಲ.

ಹಡಗಿನಲ್ಲಿ ಸ್ಟೆಬಿಲೈಜರ್ ಇದೆಯಾ ಅಂತ ಕೇಳಿ. ಇವು ನೀರಿನೊಳಗೆ ಎರಡೂ ಪಕ್ಕಕ್ಕೆ ಚಾಚಿಕೊಂಡಿರುವ ರೆಕ್ಕೆಗಳು, ಅಕ್ಕಪಕ್ಕದ ಓಲಾಟವನ್ನು ತುಂಬಾ ಕಡಿಮೆ ಮಾಡುತ್ತವೆ. ಆದರೆ ಹಡಗಿನ ಮೂತಿ ಏರಿಳಿಯುವುದನ್ನು ತಡೆಯುವುದಿಲ್ಲ. ಸಾಮಾನ್ಯ ರೆಕ್ಕೆಗಳಿಗೆ ವೇಗ ಬೇಕು, ನಿಂತಾಗ ಅಷ್ಟು ಉಪಯೋಗವಿಲ್ಲ. ಹಾಯಿ ಇರುವ ಹಡಗು ಗಾಳಿಗೆ ಒಂದು ಕಡೆ ಸ್ವಲ್ಪ ವಾಲಿಕೊಂಡು ಹೋಗುತ್ತದೆ, ಓಲಾಟ ಕಡಿಮೆ. ಎರಡು ಒಡಲಿನ ಕ್ಯಾಟಮರಾನ್ ಕೂಡ ಕಡಿಮೆ ಓಲುತ್ತದೆ. ಆದರೆ ಗಿಡ್ಡ ಅಲೆಗಳಲ್ಲಿ ಅದರ ಚಲನೆ ಚುರುಕು, ಕೆಲವರಿಗೆ ಅದೇ ಆಗಿಬರುವುದಿಲ್ಲ.

ಕ್ಯಾಬಿನ್ ವಿಷಯದಲ್ಲಿ ನನ್ನ ಮಾತು ಕೇಳಿ, ದುಡ್ಡೂ ಉಳಿಯಬಹುದು. ಅತಿ ದುಬಾರಿ ಕೋಣೆಗಳು ಹೆಚ್ಚಾಗಿ ಮೇಲಿನ ಡೆಕ್‌ನಲ್ಲೋ ಹಡಗಿನ ಮೂತಿಯಲ್ಲೋ ಇರುತ್ತವೆ. ಅಲುಗಾಟ ಜಾಸ್ತಿ ಇರುವುದೂ ಅಲ್ಲೇ. ನಿಮಗೆ ಬೇಕಿರುವುದು ಕೆಳಗಿನ ಡೆಕ್‌ನ ನಡುಮಧ್ಯದ ಕೋಣೆ. ಬಾಲ್ಕನಿ ಇಲ್ಲದಿದ್ದರೂ ಪರವಾಗಿಲ್ಲ, ಸಮುದ್ರ ನೋಡಲು ಡೆಕ್ ಇದ್ದೇ ಇದೆ ಅಲ್ವಾ?

ಔಷಧಿಯನ್ನು ಹೊರಡುವ ಮೊದಲೇ ವೈದ್ಯರ ಹತ್ತಿರ ಮಾತಾಡಿ ಇಟ್ಟುಕೊಳ್ಳಿ. ಕಿವಿಯ ಹಿಂದೆ ಅಂಟಿಸುವ ಸ್ಕೋಪೋಲಮೈನ್ ಪಟ್ಟಿ ಮೂರು ದಿನದವರೆಗೆ ಕೆಲಸ ಮಾಡುತ್ತದೆ. ಆದರೆ ಅದನ್ನು ಕೆಲವು ಗಂಟೆ ಮುಂಚೆಯೇ ಹಚ್ಚಬೇಕು. ಬಾಯಿ ಒಣಗಬಹುದು, ಕಣ್ಣು ಮಂಜಾಗಬಹುದು. ಕೆಲವು ಬಗೆಯ ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಇರುವವರಿಗೆ ಅದು ಅಪಾಯ. ಮಾತ್ರೆಗಳೂ ಇವೆ, ನಿದ್ದೆ ಬರಿಸುತ್ತವೆ. ಯಾವುದೇ ಆದರೂ ವಾಂತಿ ಶುರುವಾದ ಮೇಲೆ ನುಂಗಿದರೆ ಅಷ್ಟು ಪ್ರಯೋಜನವಿಲ್ಲ. ಹಡಗು ಲಂಗರು ಎತ್ತುವ ಮುಂಚೆಯೇ ತೆಗೆದುಕೊಳ್ಳಿ.

ತಲೆ ಸುತ್ತಿದಂತಾದರೆ ಕೋಣೆಯೊಳಗೆ ಹೋಗಿ ಮೊಬೈಲ್ ನೋಡಬೇಡಿ. ಹೊರಗೆ ಬಂದು, ಹಡಗಿನ ನಡುಭಾಗದಲ್ಲಿ ನಿಂತು ದೂರದ ದಿಗಂತ ನೋಡಿ. ಆಗ ಕಣ್ಣೂ ಒಳಕಿವಿಯೂ ಒಂದೇ ಮಾತು ಹೇಳುತ್ತವೆ. ಹೊಟ್ಟೆ ಪೂರ್ತಿ ಖಾಲಿ ಇಡಬೇಡಿ, ಮದ್ಯ ಬೇಡ. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಅಭ್ಯಾಸವಾಗುತ್ತದೆ. ಹಾಗಾಗಿ ಮೂರೇ ರಾತ್ರಿಯ ಪ್ರವಾಸದಲ್ಲಿ ‘ಸುಮ್ನೆ ನೋಡೋಣ’ ಅಂತ ಹೋದರೆ ಕಷ್ಟದ ದಿನಗಳು ಮುಗಿಯುವ ಹೊತ್ತಿಗೆ ಪ್ರವಾಸವೂ ಮುಗಿದಿರುತ್ತದೆ. ಲಗೂನ್ ಒಳಗೇ ಹೆಚ್ಚು ಹೊತ್ತು ಕಳೆಯುವ ಒಂದು ವಾರದ ದಾರಿ ಹಿಡಿಯಿರಿ.